ಸ್ವಂತ ಜಮೀನಿನ ತೇಗ ಕಡಿಯಲು ಅನುಮತಿ: ಕಡತ ಎಲ್ಲಿ ನಿಲ್ಲುತ್ತದೆ, ಏಕೆ ನಿಲ್ಲುತ್ತದೆ?

ಪ್ರಶ್ನೆ: ಸೊರಬದ ಕೃಷಿಕ

ಎಲ್ಲರಿಗೂ ನಮಸ್ಕಾರ. ಸೊರಬ ತಾಲ್ಲೂಕಿನಲ್ಲಿ ನಮ್ಮ ಕುಟುಂಬಕ್ಕೆ ಎರಡೂವರೆ ಎಕರೆ ಹಿಡುವಳಿ ಜಮೀನಿದೆ. ಅಜ್ಜನ ಕಾಲದಲ್ಲಿ ದರಖಾಸ್ತಿನಲ್ಲಿ, ಅಂದರೆ ಅರ್ಜಿಯ ಮೇಲೆ ಸರ್ಕಾರದಿಂದ, ಮಂಜೂರಾದ ಈ ಜಮೀನು ದೊಡ್ಡದೊಂದು ಸರ್ವೆ ನಂಬರಿನ ಭಾಗವಾಗಿದ್ದು, ಅದೇ ನಂಬರಿನ ಉಳಿದ ಪ್ರದೇಶವೆಲ್ಲ ಸರ್ಕಾರಿ ಕಾನು (ಮಲೆನಾಡಿನ ದಟ್ಟ ಕಾಡು). ತಂದೆಯವರು 1990ರ ದಶಕದಲ್ಲಿ ಬೇಲಿಯ ಗುಂಟ ತೇಗದ ಸಸಿಗಳನ್ನು ನೆಟ್ಟು ಬೆಳೆಸಿದ್ದರು. ಈಗ ಅವುಗಳಲ್ಲಿ ಸುಮಾರು ನಲವತ್ತು ಮರಗಳು ಕಡಿಯುವ ಹದಕ್ಕೆ ಬಂದಿವೆ. ಹಳೆಯ ಮನೆಯ ಮಾಡು ಬದಲಿಸಬೇಕಾಗಿರುವುದರಿಂದ ಒಂದಷ್ಟನ್ನು ಮನೆಗೆ ಬಳಸಿ, ಉಳಿದದ್ದನ್ನು ಮಾರುವ ಉದ್ದೇಶದಿಂದ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಅರ್ಜಿ ಸಲ್ಲಿಸಿದ್ದೇವೆ.

ಅರ್ಜಿ ಕೊಟ್ಟು ಒಂದು ಮಳೆಗಾಲ ಕಳೆದು ಇನ್ನೊಂದು ಹತ್ತಿರ ಬರುತ್ತಿದೆ. ಹದ್ದುಬಸ್ತು (ಅಳತೆ ಮಾಡಿ ಗಡಿ ಗುರುತಿಸುವುದು) ಆಗಿಲ್ಲವೆಂಬ ಕಾರಣಕ್ಕೆ ಕಡತ ಮೊದಲ ಸಲ ಹಿಂದಿರುಗಿತು. ಅಳತೆ ಮಾಡಿಸಿ ನಕ್ಷೆ ಕೊಟ್ಟ ಮೇಲೆ, ಹಕ್ಕಿನ ಬಗ್ಗೆ ತಹಶೀಲ್ದಾರರ ವರದಿ ಬರಬೇಕೆಂದರು. ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿದರೆ, ಆ ಸರ್ವೆ ನಂಬರು ಡೀಮ್ಡ್ ಅರಣ್ಯದ, ಅಂದರೆ ಕಾಡಿನ ಲಕ್ಷಣವಿರುವುದರಿಂದ ಅರಣ್ಯವೆಂದು ಪರಿಗಣಿಸಿದ ಭೂಮಿಯ, ಪಟ್ಟಿಯಲ್ಲಿದೆಯೇ ಎಂಬುದನ್ನು ಅರಣ್ಯ ಇಲಾಖೆಯೇ ತಿಳಿಸಬೇಕು ಎನ್ನುತ್ತಾರೆ. ಅರ್ಜಿಯನ್ನು ಯಾರೂ ತಿರಸ್ಕರಿಸಿಲ್ಲ, ಯಾರೂ ಮಂಜೂರು ಮಾಡಿಲ್ಲ. ತಿರಸ್ಕರಿಸಿದ್ದರೆ ಮೇಲ್ಮನವಿಯನ್ನಾದರೂ ಸಲ್ಲಿಸಬಹುದಿತ್ತು.

ಎರಡು ವಿಷಯಗಳಲ್ಲಿ ತಿಳಿದವರ ಮಾರ್ಗದರ್ಶನ ಬೇಕಾಗಿದೆ. ಈ ಅರ್ಜಿಯ ಮೇಲೆ ಒಂದು ಲಿಖಿತ ತೀರ್ಮಾನ ಹೊರಬರುವಂತೆ ಮಾಡುವುದು ಹೇಗೆ ಎಂಬುದು ಮೊದಲನೆಯದು. ಮುಂಬರುವ ಮಳೆಗಾಲದಲ್ಲಿ ಒಂದು ಎಕರೆಯಲ್ಲಿ ಶ್ರೀಗಂಧ ಮತ್ತು ಹೆಬ್ಬೇವು ನೆಡಬೇಕೆಂದಿದ್ದೇನೆ. ಜಮೀನಿಗೆ ಹೊಂದಿಕೊಂಡ ಸೊಪ್ಪಿನ ಬೆಟ್ಟದಲ್ಲಿಯೂ (ಕೃಷಿಗೆ ಸೊಪ್ಪು, ಸೌದೆ ತರಲು ಬಿಟ್ಟಿರುವ ಜಾಗ) ನೆಡುವ ಆಸೆಯಿದೆ. ಅದಕ್ಕೆ ಯಾವ ಅನುಮತಿ ಬೇಕು, ಮುಂದೆ ಕಡಿಯುವ ಕಾಲಕ್ಕೆ ನನ್ನ ಮಕ್ಕಳು ಇದೇ ರೀತಿ ಅಲೆಯದಿರಲು ಈಗಲೇ ಏನು ಮಾಡಿಡಬೇಕು ಎಂಬುದು ಎರಡನೆಯದು.

ಉತ್ತರ: ನಿವೃತ್ತ ಉಪ ವಲಯ ಅರಣ್ಯಾಧಿಕಾರಿ

ಕೃಷಿಕರೇ, ಮಲೆನಾಡಿನ ವಲಯಗಳಲ್ಲಿಯೇ ನನ್ನ ಸೇವೆಯ ಬಹುಪಾಲು ಕಳೆದಿದೆ. ನಿಮ್ಮಂಥ ಅರ್ಜಿಗಳನ್ನು ಮೇಜಿನ ಆ ಬದಿಯಿಂದ ನೋಡಿದವನಾಗಿ ಬರೆಯುತ್ತಿದ್ದೇನೆ.

ನಿಮಗೆ ಬೇಕಾಗಿರುವುದು ಒಂದಲ್ಲ, ಎರಡು ಅನುಮತಿಗಳು. ಮರ ಕಡಿಯುವುದಕ್ಕೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ 8ನೇ ಕಲಮಿನಡಿ ವೃಕ್ಷಾಧಿಕಾರಿಯ ಅನುಮತಿ ಬೇಕು. ಕಡಿದ ನಾಟಾವನ್ನು (ಮರದ ದಿಮ್ಮಿಗಳನ್ನು) ಜಮೀನಿನಿಂದ ಹೊರಗೆ ಸಾಗಿಸುವುದಕ್ಕೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಮತ್ತು 1969ರ ಅರಣ್ಯ ನಿಯಮಗಳ ಅಡಿಯಲ್ಲಿ ರಹದಾರಿ (ಸಾಗಣೆ ಪರವಾನಗಿ) ಬೇಕು. ನೀಲಗಿರಿ, ಸರ್ವೆ ಮರ, ಸುಬಾಬುಲ್, ಗ್ಲಿರಿಸಿಡಿಯ, ರಬ್ಬರ್, ತೆಂಗು ಮೊದಲಾದವುಗಳಿಗೆ ಕಡಿಯುವ ಅನುಮತಿಯಿಂದ ವಿನಾಯಿತಿ ಇದೆ, ತೇಗಕ್ಕೆ ಇಲ್ಲ. ಕಾಯ್ದೆಯ ಪ್ರಕಾರ ಬಲಿತ ಮರ, ಒಣಗಿದ ಅಥವಾ ರೋಗ ಬಿದ್ದ ಮರ, ಗಾಳಿಗೆ ಉರುಳಿದ ಮರ, ಜೀವಕ್ಕೆ ಅಥವಾ ಆಸ್ತಿಗೆ ಅಪಾಯ ತರುವ ಮರ ಇವುಗಳಿಗೆ ಅನುಮತಿ ಕೊಡಬಹುದು. ಕಡಿದ ಮೇಲೆ ಬದಲಿ ಸಸಿಗಳನ್ನು ನೆಟ್ಟು ಬೆಳೆಸುವ ಹೊಣೆ ಅರ್ಜಿದಾರರದೇ. ನಿಮ್ಮ ತಂದೆಯವರು ನೆಟ್ಟ ತೇಗ ಬಲಿತಿದ್ದರೆ, ಮರದ ದೃಷ್ಟಿಯಿಂದ ಅನುಮತಿಗೆ ಯಾವ ಅಡ್ಡಿಯೂ ಇಲ್ಲ. ಅಡ್ಡಿ ಇರುವುದು ಜಮೀನಿನ ಗಡಿಯಲ್ಲಿ.

ಗಡಿಗೆ ಅಷ್ಟೊಂದು ಮಹತ್ವ ಏಕೆಂಬುದನ್ನು ವಿವರಿಸುವುದು ನನ್ನ ಕರ್ತವ್ಯವೆಂದು ಭಾವಿಸುತ್ತೇನೆ. ಕಾನಿಗೆ ಅಂಟಿಕೊಂಡ ಹಿಡುವಳಿಯಲ್ಲಿ ನಲವತ್ತು ಮರಗಳಿಗೆ ಅನುಮತಿ ಪಡೆದು, ಪಕ್ಕದ ಸರ್ಕಾರಿ ಜಾಗದ ಹತ್ತು ಮರಗಳನ್ನು ಸೇರಿಸಿ ಮಾಲ್ಕಿ (ಖಾಸಗಿ ಜಮೀನಿನ) ನಾಟಾದ ಹೆಸರಿನಲ್ಲಿ ಸಾಗಿಸಿದ ಪ್ರಕರಣಗಳು ನಮ್ಮ ಜಿಲ್ಲೆಗಳಲ್ಲಿ ಹೊಸವಲ್ಲ. ದಿಮ್ಮಿ ಬುಡದಿಂದ ಬೇರ್ಪಟ್ಟ ಮೇಲೆ ಅದು ಯಾವ ಗಡಿಯೊಳಗಿನದೆಂದು ಹೇಳುವುದು ಕಷ್ಟ. ಆದ್ದರಿಂದಲೇ ಸಿಬ್ಬಂದಿ ಸ್ಥಳಕ್ಕೆ ಬಂದು ಪ್ರತಿ ಮರಕ್ಕೂ ಸಂಖ್ಯೆ ಹಾಕಿ, ಎದೆಮಟ್ಟದಲ್ಲಿ, ಅಂದರೆ ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಸುತ್ತಳತೆ ತೆಗೆದು ಪಟ್ಟಿ ಮಾಡುತ್ತಾರೆ. ಕಡಿದ ಮೇಲೆ ದಿಮ್ಮಿಗಳ ಉದ್ದ ಮತ್ತು ಸುತ್ತಳತೆಯ ಪಟ್ಟಿಯನ್ನು ಬುಡಗಳೊಂದಿಗೆ ತಾಳೆ ನೋಡಿ, ಸುತ್ತಿಗೆ ಮುದ್ರೆ ಒತ್ತಿ, ಅನಂತರವೇ ರಹದಾರಿ ಕೊಡುತ್ತಾರೆ. ಈ ಕ್ರಮವನ್ನು ಸಡಿಲಿಸಿದರೆ ಮೊದಲು ಬರಿದಾಗುವುದು ಸೊರಬದ ಕಾನುಗಳೇ. ಅವು ಈಗಾಗಲೇ ಸಾಕಷ್ಟು ಬಡವಾಗಿವೆ.

ಆದರೆ ವಿಳಂಬವನ್ನು ನಾನು ಸಮರ್ಥಿಸುವುದಿಲ್ಲ. ಹಳ್ಳಿಗಳಲ್ಲಿ ಮರ ಎಣಿಸಬೇಕಾದ ಗಸ್ತು ಅರಣ್ಯ ಪಾಲಕರೇ ಬೇಸಿಗೆಯಲ್ಲಿ ಬೆಂಕಿ ಕಾಯಬೇಕು, ಕಾಡುಪ್ರಾಣಿ ಹಾವಳಿಯ ಮಹಜರು ಮಾಡಬೇಕು, ಒತ್ತುವರಿ ಪ್ರಕರಣಗಳ ಬೆನ್ನು ಹತ್ತಬೇಕು. ಫೆಬ್ರುವರಿಯಿಂದ ಮೇ ತನಕ ಅರ್ಜಿಗಳ ಸ್ಥಳ ತನಿಖೆ ಹಿಂದೆ ಬೀಳುವುದು ಇದೇ ಕಾರಣಕ್ಕೆ. ದಾಖಲೆಗಳನ್ನೆಲ್ಲ ಜೋಡಿಸಿಕೊಂಡು ಮಳೆ ನಿಂತ ಕೂಡಲೇ, ಅಕ್ಟೋಬರ್ ಹೊತ್ತಿಗೆ, ಅರ್ಜಿ ಕೊಟ್ಟವರಿಗೆ ಬೇಸಿಗೆಯೊಳಗೆ ಮರ ಕಡಿದು ಸಾಗಿಸಲು ಸಮಯ ಸಿಗುತ್ತದೆ.

ಉತ್ತರ: ಕಂದಾಯ ಪ್ರಕರಣಗಳ ವಕೀಲೆ, ಶಿರಸಿ

ಹಿರಿಯರು ಕ್ರಮವನ್ನು ಸರಿಯಾಗಿ ವಿವರಿಸಿದ್ದಾರೆ. ನಾನು ಗಡಿಯ ವಿಷಯವನ್ನೇ ಮುಂದುವರಿಸುತ್ತೇನೆ, ಏಕೆಂದರೆ ಕೃಷಿಕರ ಕಡತ ನಿಂತಿರುವುದು ಅಲ್ಲಿಯೇ.

1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೀಡಿದ ಆದೇಶದ ನಂತರ, ಮಾಲೀಕತ್ವ ಯಾರದೇ ಆಗಿರಲಿ, ಕಾಡಿನ ಲಕ್ಷಣವಿರುವ ಭೂಮಿಯನ್ನು ಅರಣ್ಯವೆಂದೇ ಪರಿಗಣಿಸಬೇಕಾಯಿತು. ಕರ್ನಾಟಕ ಮೊದಲು ಗುರುತಿಸಿದ ಡೀಮ್ಡ್ ಅರಣ್ಯ ಸುಮಾರು 9.94 ಲಕ್ಷ ಹೆಕ್ಟೇರ್; ಮರುಪರಿಶೀಲನೆಯ ನಂತರ 2022ರಲ್ಲಿ ಅದನ್ನು ಸುಮಾರು 3.30 ಲಕ್ಷ ಹೆಕ್ಟೇರಿಗೆ ಇಳಿಸಲಾಯಿತು. ಪಟ್ಟಿಯನ್ನು ನೋಡುವಾಗ ಸರ್ವೆ ನಂಬರನ್ನು ಮಾತ್ರ ನೋಡಿದರೆ ಸಾಲದು, ಅದರ ಎದುರಿಗೆ ಬರೆದ ವಿಸ್ತೀರ್ಣವನ್ನೂ ನೋಡಬೇಕು. ಒಂದು ನಂಬರಿನ ಒಟ್ಟು ಅರವತ್ತು ಎಕರೆಯಲ್ಲಿ ಐವತ್ತು ಎಕರೆ ಮಾತ್ರ ಪಟ್ಟಿಗೆ ಸೇರಿದ್ದರೆ, ಉಳಿದ ಹತ್ತು ಎಕರೆಯಲ್ಲಿ ನಿಮ್ಮ ಎರಡೂವರೆ ಎಕರೆ ಬರುತ್ತದೆಯೇ ಎಂಬುದನ್ನು ತೋರಿಸುವ ದಾಖಲೆಯೊಂದೇ ನಿಮ್ಮನ್ನು ಕಾಪಾಡುತ್ತದೆ. ಅದು ಪೋಡಿ ನಕ್ಷೆ, ಅಂದರೆ ಸರ್ವೆ ನಂಬರಿನಿಂದ ನಿಮ್ಮ ಭಾಗವನ್ನು ಪ್ರತ್ಯೇಕಿಸಿ ತೋರಿಸುವ ನಕ್ಷೆ. ಪೋಡಿಯಾಗದೆ ಪಹಣಿಯಲ್ಲಿ ಸರ್ಕಾರದ ಹೆಸರಿನ ಜತೆಗೆ ನಿಮ್ಮ ಹೆಸರೂ ಇರುವ ತನಕ, ನಿಮ್ಮ ಜಾಗ ಆ ನಂಬರಿನೊಳಗೆ ಎಲ್ಲಿದೆ ಎಂಬುದು ಕಾಗದದ ಮೇಲೆ ಅನಿಶ್ಚಿತವಾಗಿಯೇ ಉಳಿಯುತ್ತದೆ. ಹದ್ದುಬಸ್ತು ನಕ್ಷೆ ಮಾತ್ರ ಕೊಟ್ಟಿದ್ದೀರಿ ಎಂದು ನಿಮ್ಮ ಬರಹದಿಂದ ಅರ್ಥವಾಗುತ್ತದೆ, ಅದು ಸಾಲುವುದಿಲ್ಲ.

ಆದ್ದರಿಂದ ಮೊದಲು ಮಂಜೂರಾತಿ ಆದೇಶ, ಸಾಗುವಳಿ ಚೀಟಿ (ಜಮೀನು ಮಂಜೂರಾದವರಿಗೆ ಕೊಡುವ ಪತ್ರ), ಮಂಜೂರಾತಿಯ ಕಾಲದ ನಕ್ಷೆ ಇವುಗಳ ದೃಢೀಕೃತ ಪ್ರತಿಗಳನ್ನು ಪಡೆದು ಪೋಡಿಗೆ ಅರ್ಜಿ ಹಾಕಿ. ಅದರೊಂದಿಗೇ ಕಂದಾಯ ಮತ್ತು ಅರಣ್ಯ ಇಲಾಖೆಗಳ ಜಂಟಿ ಸರ್ವೆಯನ್ನು ಕೋರಿ, ತಹಶೀಲ್ದಾರರಿಗೂ ವಲಯ ಅರಣ್ಯಾಧಿಕಾರಿಗಳಿಗೂ ಒಂದೇ ಒಕ್ಕಣೆಯ ಪತ್ರವನ್ನು ಸಲ್ಲಿಸಿ. ಎರಡೂ ಕಚೇರಿಗಳ ಸ್ವೀಕೃತಿ ಮುದ್ರೆ ನಿಮ್ಮ ಪ್ರತಿಯ ಮೇಲಿರಲಿ. ಇಬ್ಬರೂ ಒಂದೇ ದಿನ ಒಂದೇ ಸ್ಥಳದಲ್ಲಿ ನಿಂತು ಸಹಿ ಮಾಡುವ ತನಕ, ಒಬ್ಬರು ಇನ್ನೊಬ್ಬರ ವರದಿಗಾಗಿ ಕಾಯುವುದು ನಿಲ್ಲುವುದಿಲ್ಲ.

ವಿಳಂಬದ ಬಗ್ಗೆ ಎರಡು ಸಾಧನಗಳಿವೆ. ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಕಡತದ ಚಲನವಲನದ ಪ್ರತಿಯನ್ನು ಕೇಳಿ. 30 ದಿನಗಳಲ್ಲಿ ಉತ್ತರಿಸಬೇಕು. ಯಾವ ದಿನಾಂಕದಲ್ಲಿ ಯಾರ ಮೇಜಿನಲ್ಲಿ ಕಡತವಿತ್ತು ಎಂಬುದು ದಾಖಲೆಯಾಗಿ ಕೈಗೆ ಬಂದರೆ ಮುಂದಿನ ಮೇಲ್ಮನವಿಗೂ, ಅಗತ್ಯ ಬಿದ್ದರೆ ನಿಗದಿತ ಅವಧಿಯಲ್ಲಿ ತೀರ್ಮಾನಿಸುವಂತೆ ನಿರ್ದೇಶನ ಕೋರಿ ಹೈಕೋರ್ಟಿಗೆ ಹೋಗುವುದಕ್ಕೂ ಅದು ಆಧಾರವಾಗುತ್ತದೆ. ಎರಡನೆಯದು ಸಕಾಲ, ಅಂದರೆ ಸರ್ಕಾರಿ ಸೇವೆಗಳನ್ನು ನಿಗದಿತ ಅವಧಿಯಲ್ಲಿ ಕೊಡಬೇಕೆಂಬ ವ್ಯವಸ್ಥೆ. 2012ರಿಂದ ಜಾರಿಯಲ್ಲಿರುವ ಇದರಲ್ಲಿ ಅರಣ್ಯ ಇಲಾಖೆಯ ಸೇವೆಗಳೂ ಸೇರಿವೆ. ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವಿದೆ. ಮೊತ್ತ ಅಲ್ಪವಾದರೂ ಅಧಿಕಾರಿಯ ಹೆಸರಿನಲ್ಲಿ ವಿಳಂಬ ನಮೂದಾಗುತ್ತದೆ ಎಂಬುದೇ ಅದರ ಬಲ. ಆದರೆ ಅವಧಿಯ ಲೆಕ್ಕ ಆರಂಭವಾಗುವುದು ಪೂರ್ಣ ದಾಖಲೆಗಳಿರುವ ಅರ್ಜಿಗೆ ಮಾತ್ರ. ಒಂದು ದಾಖಲೆ ಕೊರತೆಯೆಂದು ಹಿಂದಿರುಗಿಸಿದರೆ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಆದುದರಿಂದ ಬೇಕಾದ ದಾಖಲೆಗಳೆಲ್ಲ ಯಾವುವು ಎಂಬ ಪಟ್ಟಿಯನ್ನು ಒಂದೇ ಸಲಕ್ಕೆ, ಲಿಖಿತವಾಗಿ ಕೊಡಿರೆಂದು ಕೇಳಿ ಪಡೆಯಿರಿ.

ಸೊಪ್ಪಿನ ಬೆಟ್ಟದ ಬಗ್ಗೆ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 79ನೇ ಕಲಂ ಬೆಟ್ಟ, ಕುಮ್ಕಿ, ಬಾಣೆ, ಹಾಡಿ ಎಂಬ ಹೆಸರಿನ ಇಂಥ ಜಾಗಗಳಲ್ಲಿ ಉಳಿಸಿಕೊಟ್ಟಿರುವುದು ಸೊಪ್ಪು, ಸೌದೆ ಮುಂತಾದವುಗಳ ಸವಲತ್ತನ್ನೇ ಹೊರತು ಒಡೆತನವನ್ನಲ್ಲ. ಅಲ್ಲಿ ನೀವು ಎಷ್ಟೇ ಶ್ರಮಪಟ್ಟು ಶ್ರೀಗಂಧ ಬೆಳೆಸಿದರೂ ಕಡಿದು ಮಾರುವ ಹಕ್ಕು ನಿಮ್ಮದಾಗುವುದಿಲ್ಲ. ಸೊಪ್ಪಿಗಾಗಿ ಮತ್ತಿ, ಹೊನ್ನೆ, ನಂದಿಯಂಥ ಸ್ಥಳೀಯ ಮರಗಳನ್ನು ನೆಟ್ಟು ಬೆಟ್ಟವನ್ನು ಹಸಿರಾಗಿಡಿ. ಆದಾಯದ ಗಿಡಗಳನ್ನು ಹಿಡುವಳಿಯೊಳಗೇ ನೆಡಿ.

ಉತ್ತರ: ಗಂಧದ ಬೆಳೆಗಾರ್ತಿ, ಹೊಸದುರ್ಗದ ಕಡೆ

ಅರಣ್ಯ ಇಲಾಖೆಯ ಹಿರಿಯರ ಅನುಭವವನ್ನು ಗೌರವಿಸುತ್ತೇನೆ. ಆದರೂ ಅವರ ವಾದದ ಒಂದು ಭಾಗವನ್ನು ಒಪ್ಪಲಾರೆ. ತಪಾಸಣೆ ಬೇಕೆಂಬುದು ನಿಜ. ಆದರೆ ಮೂವತ್ತು ವರ್ಷಗಳ ನಂತರ, ಮರ ಬೆಳೆದು ನಿಂತ ಮೇಲೆ, ರೈತ ಹಣದ ಅಗತ್ಯದಲ್ಲಿರುವಾಗಲೇ ತಪಾಸಣೆ ಆರಂಭವಾಗಬೇಕೇ?

ನಾನು ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಡಿ ಗಿಡ ನೆಟ್ಟವಳು. ಆ ಯೋಜನೆಗೆ ನೋಂದಾಯಿಸುವಾಗ ಪಹಣಿ ಕೊಟ್ಟಿದ್ದೇನೆ, ಸರ್ವೆ ನಂಬರು ಕೊಟ್ಟಿದ್ದೇನೆ, ಯಾವ ಜಾತಿಯ ಎಷ್ಟು ಸಸಿ ಎಂಬುದನ್ನು ಬರೆದುಕೊಟ್ಟಿದ್ದೇನೆ. ಬದುಕುಳಿದ ಪ್ರತಿ ಸಸಿಗೆ ಮೊದಲ ವರ್ಷ 35, ಎರಡನೆಯ ವರ್ಷ 40, ಮೂರನೆಯ ವರ್ಷ 50, ಒಟ್ಟು 125 ರೂಪಾಯಿ ಪ್ರೋತ್ಸಾಹಧನ. ಅದನ್ನು ಕೊಡುವ ಮುನ್ನ ಪ್ರತಿ ವರ್ಷವೂ ಇಲಾಖೆಯ ಸಿಬ್ಬಂದಿಯೇ ಜಮೀನಿಗೆ ಬಂದು ಸಸಿಗಳನ್ನು ಎಣಿಸುತ್ತಾರೆ. ಅಂದರೆ ಆ ಜಮೀನಿನಲ್ಲಿ ಆ ಮರಗಳನ್ನು ನೆಟ್ಟವರು ಯಾರು, ಯಾವಾಗ, ಎಷ್ಟು ಎಂಬುದಕ್ಕೆ ಸರ್ಕಾರದ್ದೇ ಕೈಬರಹದ ಸಾಕ್ಷ್ಯವಿದೆ. ಕಡಿಯುವ ಕಾಲ ಬಂದಾಗ ಮಾತ್ರ ಆ ಕಡತವನ್ನು ಯಾರೂ ತೆರೆಯುವುದಿಲ್ಲ. ಮರ ತಾನಾಗಿ ಹುಟ್ಟಿದ್ದೋ, ನೆಟ್ಟದ್ದೋ ಎಂಬ ಪ್ರಶ್ನೆಯಿಂದ ತನಿಖೆ ಹೊಸದಾಗಿ ಶುರುವಾಗುತ್ತದೆ. ನೆಡಿಸುವ ಕಡತವೂ ಕಡಿಯುವ ಕಡತವೂ ಒಂದೇ ಇಲಾಖೆಯ ಎರಡು ಕಪಾಟುಗಳಲ್ಲಿದ್ದು ಒಂದಕ್ಕೊಂದು ಪರಿಚಯವೇ ಇಲ್ಲದಿರುವುದು ನನಗೆ ಬಹಳ ನೋವಿನ ಸಂಗತಿ. ರೈತರು ಮರ ಬೆಳೆಸಲು ಹಿಂಜರಿಯುವುದು ಸಸಿಯ ಬೆಲೆಗಾಗಿ ಅಲ್ಲ, ಈ ಭಯಕ್ಕಾಗಿ.

ಕೇಂದ್ರ ಪರಿಸರ ಸಚಿವಾಲಯ 2025ರ ಜೂನ್‌ನಲ್ಲಿ ಕೃಷಿಭೂಮಿಯ ಮರಗಳ ಕಡಿತಕ್ಕೆ ಮಾದರಿ ನಿಯಮಗಳನ್ನು ಹೊರಡಿಸಿತು. ಅವುಗಳಲ್ಲಿ ನನಗೆ ಮೆಚ್ಚುಗೆಯಾದದ್ದು, ನೆಟ್ಟ ತೋಟವನ್ನು ಮೊದಲೇ ಆನ್‌ಲೈನ್‌ನಲ್ಲಿ ನೋಂದಾಯಿಸಿಕೊಳ್ಳುವ ವ್ಯವಸ್ಥೆ. ಹತ್ತಕ್ಕಿಂತ ಹೆಚ್ಚು ಮರಗಳಿದ್ದರೆ ನಿಯೋಜಿತ ಸಂಸ್ಥೆ ಸ್ಥಳ ಪರಿಶೀಲನೆ ಮಾಡುತ್ತದೆ. ಹತ್ತರೊಳಗಿದ್ದರೆ ಮರಗಳ ಫೋಟೊ ಸಲ್ಲಿಸಿ ಅನುಮತಿ ಪಡೆಯಬಹುದು. ಇವು ಮಾದರಿ ನಿಯಮಗಳಷ್ಟೇ, ರಾಜ್ಯಗಳು ಅಳವಡಿಸಿಕೊಂಡರೆ ಮಾತ್ರ ಜಾರಿಗೆ ಬರುತ್ತವೆ. ಅಂತರರಾಜ್ಯ ಸಾಗಣೆಗೂ ಒಂದೇ ಪಾಸ್ ಸಾಕಾಗುವ ರಾಷ್ಟ್ರೀಯ ವ್ಯವಸ್ಥೆಗೆ 2023ರ ಡಿಸೆಂಬರ್‌ನಲ್ಲಿ ಚಾಲನೆ ಕೊಟ್ಟರು. ಸಾಗಿಸುವ ಕೊನೆಯ ಹಂತ ಕಂಪ್ಯೂಟರಿಗೆ ಬಂದರೂ, ನಮ್ಮ ಕಷ್ಟವೆಲ್ಲ ಅದಕ್ಕಿಂತ ಮುಂಚಿನ ಹಂತಗಳಲ್ಲಿಯೇ ಇದೆ.

ಶ್ರೀಗಂಧ ನೆಡುವುದಕ್ಕೆ ಅನುಮತಿ ಬೇಡ. 2001ರ ತಿದ್ದುಪಡಿಯ ನಂತರ ಹಿಡುವಳಿಯಲ್ಲಿ ಬೆಳೆದ ಗಂಧದ ಮರ ಹಿಡುವಳಿದಾರನದೇ. ಅದಕ್ಕೆ ಮೊದಲು ನಮ್ಮ ಹೊಲದಲ್ಲಿ ಹುಟ್ಟಿದ ಗಂಧವೂ ಸರ್ಕಾರದ ಸ್ವತ್ತಾಗಿತ್ತು. ಆದರೆ ಕಡಿಯುವುದಕ್ಕೆ, ಸಾಗಿಸುವುದಕ್ಕೆ ಇಲಾಖೆಯ ಅನುಮತಿ ಈಗಲೂ ಕಡ್ಡಾಯ. ನೆಟ್ಟ ವರ್ಷವೇ ಬೆಳೆ ಸಮೀಕ್ಷೆಯಲ್ಲಿ ಗಿಡಗಳನ್ನು ನಮೂದಿಸಿ, ಪಹಣಿಯ ಬೆಳೆ ಕಾಲಮಿನಲ್ಲಿ ಬಂದಿದೆಯೇ ನೋಡಿಕೊಳ್ಳಿ. ಬಾರದಿದ್ದರೆ ಗ್ರಾಮ ಆಡಳಿತ ಅಧಿಕಾರಿಗೆ ಲಿಖಿತ ಅರ್ಜಿ ಕೊಡಿ. ನರ್ಸರಿಯ ರಸೀದಿಯನ್ನು ಜಮೀನಿನ ಪತ್ರಗಳ ಜತೆಗೇ ಇಡಿ. ಗಂಧ ಇತರ ಗಿಡಗಳ ಬೇರನ್ನು ಆಶ್ರಯಿಸಿ ಬೆಳೆಯುವುದರಿಂದ ಹೆಬ್ಬೇವಿನ ಜತೆಗೆ ತೊಗರಿಯನ್ನೂ ಹಾಕಿದರೆ ಆರಂಭದ ವರ್ಷಗಳಲ್ಲಿ ಗಿಡ ಚೆನ್ನಾಗಿ ಎದ್ದು ನಿಲ್ಲುತ್ತದೆ. ಇನ್ನು ಕಳ್ಳತನದ ಕಾವಲು ಬೇರೆಯೇ ವಿಷಯ, ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಉತ್ತರ: ಐರ್ಲೆಂಡಿನಲ್ಲಿರುವ ಕನ್ನಡಿಗ

ನಾನು ವಾಸವಾಗಿರುವ ದೇಶದಲ್ಲಿ ಇದೇ ಪ್ರಶ್ನೆ ಕೆಲವು ವರ್ಷ ದೊಡ್ಡ ಸಾರ್ವಜನಿಕ ಚರ್ಚೆಯಾಗಿತ್ತು. ಇಲ್ಲಿ 2014ರ ಅರಣ್ಯ ಕಾಯ್ದೆಯ ಪ್ರಕಾರ ಕಡಿಯುವುದಕ್ಕೆ ಮಾತ್ರವಲ್ಲ, 0.1 ಹೆಕ್ಟೇರಿಗಿಂತ ಹೆಚ್ಚು ಜಾಗದಲ್ಲಿ ಹೊಸದಾಗಿ ಕಾಡು ಬೆಳೆಸುವುದಕ್ಕೂ ಸಾಮಾನ್ಯವಾಗಿ ಪರವಾನಗಿ ಬೇಕು. 2018ರಲ್ಲಿ ಐರೋಪ್ಯ ನ್ಯಾಯಾಲಯ ಸಂರಕ್ಷಿತ ಜೀವಿನೆಲೆಗಳ ಮೇಲಿನ ಪರಿಣಾಮದ ಪರಿಶೀಲನೆಯನ್ನು ಬಿಗಿಗೊಳಿಸಿತು. ಅದನ್ನು ಮಾಡಬಲ್ಲ ಪರಿಸರತಜ್ಞರು ಇಲಾಖೆಯಲ್ಲಿ ಸಾಕಷ್ಟು ಇರಲಿಲ್ಲ. ಸಾವಿರಾರು ಅರ್ಜಿಗಳು ಬಾಕಿ ಉಳಿದವು, ಮೇಲ್ಮನವಿಗಳು ಗುಡ್ಡೆಯಾದವು, ಗರಗಸದ ಕಾರ್ಖಾನೆಗಳಿಗೆ ಮರ ಸಿಗದ ಸ್ಥಿತಿ ಬಂತು. 2020ರಲ್ಲಿ ಮೇಲ್ಮನವಿಯ ಕಾನೂನನ್ನು ತಿದ್ದಿದರು, ತಜ್ಞರನ್ನು ನೇಮಿಸಿದರು, 2021ರಲ್ಲಿ ಸುಧಾರಣೆಗೆಂದೇ ಪ್ರತ್ಯೇಕ ಯೋಜನೆ ಆರಂಭಿಸಿದರು. ಎಲ್ಲವೂ ಸರಿಹೋಗಿದೆ ಎನ್ನುವಂತಿಲ್ಲ.

ಆದರೆ ಒಂದು ಕ್ರಮವನ್ನು ಕರ್ನಾಟಕವೂ ಅನುಸರಿಸಬಹುದು ಎನಿಸುತ್ತದೆ. ಎಷ್ಟು ಅರ್ಜಿಗಳು ಬಂದವು, ಎಷ್ಟಕ್ಕೆ ಪರವಾನಗಿ ಕೊಡಲಾಯಿತು ಎಂಬ ಅಂಕಿಅಂಶವನ್ನು ಇಲ್ಲಿನ ಇಲಾಖೆ ನಿಯತವಾಗಿ ಪ್ರಕಟಿಸುತ್ತದೆ. ಪ್ರತಿ ಅರ್ಜಿಯೂ ನಕ್ಷೆಯ ಮೇಲೆ ಸಾರ್ವಜನಿಕರಿಗೆ ಕಾಣುತ್ತದೆ. ಆಕ್ಷೇಪಣೆಗೆ 30 ದಿನಗಳ ಕಾಲಾವಕಾಶವಿದೆ. ಪ್ರತಿ ವಲಯದ ಬಾಕಿ ಅರ್ಜಿಗಳ ಸಂಖ್ಯೆ ನಮ್ಮಲ್ಲೂ ಪ್ರಕಟವಾದರೆ, ಸಿಬ್ಬಂದಿಯ ಕೊರತೆ ಎಲ್ಲಿದೆ ಎಂಬುದು ಸರ್ಕಾರಕ್ಕೂ ಕಾಣುತ್ತದೆ. ಕಾನಿನ ಪಕ್ಕದಲ್ಲಿ ಮರ ಕಡಿಯುವ ಅರ್ಜಿ ಬಂದಿದೆ ಎಂಬುದು ಊರಿನವರಿಗೂ ತಿಳಿಯುತ್ತದೆ.

ಉತ್ತರ: ನಿವೃತ್ತ ಉಪ ವಲಯ ಅರಣ್ಯಾಧಿಕಾರಿ

ಬೆಳೆಗಾರ್ತಿಯವರ ಮಾತಿನಲ್ಲಿ ನ್ಯಾಯವಿದೆ. ಪ್ರೋತ್ಸಾಹ ಯೋಜನೆಯ ಎಣಿಕೆಯನ್ನು ಕಡಿತದ ಕಡತಕ್ಕೆ ಜೋಡಿಸಿದರೆ ಮರದ ವಯಸ್ಸು ಮತ್ತು ಮೂಲದ ಪ್ರಶ್ನೆ ಬಗೆಹರಿಯುತ್ತದೆ. ಇದನ್ನು ಮಾಡಲು ಹೊಸ ಕಾನೂನು ಬೇಕಿಲ್ಲ, ಒಂದು ಸುತ್ತೋಲೆ ಸಾಕು. ಆದರೆ ಆ ಎಣಿಕೆ ಗಡಿಗೆ ಸಾಕ್ಷ್ಯವಲ್ಲ. ಸಸಿ ಎಣಿಸಲು ಬಂದವರು ಗಡಿಕಲ್ಲು ಎಲ್ಲಿದೆಯೆಂದು ಅಳೆಯುವುದಿಲ್ಲ. ಆದ್ದರಿಂದ ನೋಂದಣಿಯ ದಿನವೇ ಜಮೀನಿನ ನಾಲ್ಕೂ ಮೂಲೆಗಳ ಜಿಪಿಎಸ್ ಬಿಂದುಗಳನ್ನು ತೆಗೆದು ಪೋಡಿ ನಕ್ಷೆಯೊಂದಿಗೆ ಲಗತ್ತಿಸುವಂತಾಗಬೇಕು. ಬಯಲುಸೀಮೆಯಲ್ಲಿ ಇದರ ಅಗತ್ಯ ಅಷ್ಟಾಗಿ ಕಾಣಿಸದಿರಬಹುದು. ಕಾಡಿನಂಚಿನ ಮಲೆನಾಡಿನಲ್ಲಿ ಇದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಮರುಪ್ರಶ್ನೆ: ಸೊರಬದ ಕೃಷಿಕ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಸಾಗುವಳಿ ಚೀಟಿ ಮನೆಯಲ್ಲಿಯೇ ಸಿಕ್ಕಿದೆ. ಪೋಡಿಗೆ ಅರ್ಜಿ ಸಿದ್ಧಪಡಿಸುತ್ತಿದ್ದೇನೆ. ಬೆಟ್ಟದಲ್ಲಿ ಗಂಧ ನೆಡುವ ಯೋಚನೆಯನ್ನು ಕೈಬಿಟ್ಟಿದ್ದೇನೆ. ಒಂದು ಸಂದೇಹ ಉಳಿದಿದೆ. ಚೀಟಿಯಲ್ಲಿ ಮರಗಳ ಬಗ್ಗೆ ಏನನ್ನೂ ಬರೆದಿಲ್ಲ. ಮಂಜೂರಾದ ಜಮೀನಿನ ಮರಗಳಿಗೆ ಸರ್ಕಾರಕ್ಕೆ ಮೌಲ್ಯ ಕಟ್ಟಬೇಕಾಗುತ್ತದೆ ಎಂದು ಊರಿನಲ್ಲಿ ಹೇಳುತ್ತಾರೆ. ನಮ್ಮ ತಂದೆಯವರೇ ನೆಟ್ಟ ತೇಗಕ್ಕೂ ಅದು ಅನ್ವಯಿಸುತ್ತದೆಯೇ?

ಉತ್ತರ: ಕಂದಾಯ ಪ್ರಕರಣಗಳ ವಕೀಲೆ, ಶಿರಸಿ

ಮೌಲ್ಯದ ಪ್ರಶ್ನೆ ಏಳುವುದು ಮಂಜೂರಾತಿಯ ಕಾಲಕ್ಕೆ ಜಮೀನಿನಲ್ಲಿ ಆಗಲೇ ನಿಂತಿದ್ದ ಮರಗಳ ವಿಷಯದಲ್ಲಿ. ಮಂಜೂರಾತಿಯ ಷರತ್ತು ಬೇರೆ ಹೇಳದಿದ್ದರೆ, ಅನಂತರ ನೆಟ್ಟು ಬೆಳೆಸಿದ ತೇಗ ನಿಮ್ಮದೇ. ಚೀಟಿ ಮೌನವಾಗಿದ್ದರೂ ಮೂಲ ಆದೇಶದಲ್ಲಿ ಷರತ್ತು ಇರುವ ಸಾಧ್ಯತೆಯಿರುವುದರಿಂದ, ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಿಂದ ಆದೇಶದ ಪೂರ್ಣ ಪ್ರತಿಯನ್ನು ತೆಗೆಸಿ ಓದಿ. ಮರಗಳನ್ನು ಮಂಜೂರಾತಿಯ ನಂತರ ನೆಡಲಾಗಿದೆ ಎಂಬುದನ್ನು ತೋರಿಸುವ ಹೊಣೆ ನಿಮ್ಮ ಮೇಲೆ ಬರುತ್ತದೆ. ತಂದೆಯವರ ಕಾಲದ ರಸೀದಿ ಸಿಗದಿದ್ದರೆ, ಒಂದೇ ಸಾಲಿನಲ್ಲಿ ಸಮ ಅಂತರದಲ್ಲಿ ನಿಂತಿರುವುದು ಮತ್ತು ಸುತ್ತಳತೆಗಳು ಒಂದಕ್ಕೊಂದು ಹತ್ತಿರವಿರುವುದು ನೆಟ್ಟ ಮರಗಳೆಂಬುದಕ್ಕೆ ಬಲವಾದ ಸೂಚನೆ. ಜಂಟಿ ಸರ್ವೆಯ ದಿನ ನಡೆಯುವ ಮಹಜರಿನಲ್ಲಿ ಈ ಎರಡು ಅಂಶಗಳನ್ನು ಬರೆಸಿ, ಅಕ್ಕಪಕ್ಕದ ಹಿಡುವಳಿದಾರರ ಸಹಿ ಹಾಕಿಸಿ, ಅದರ ಪ್ರತಿಯನ್ನು ಅಂದೇ ಕೇಳಿ ಪಡೆಯಿರಿ.